ದೊರೆ ಸತ್ತ ಮರುದಿನ

ಕಳೆದ ಸಂಚಿಕೆಯಲ್ಲಿ ‘ಕ್ರುಸೇಡರ್ ಕಿಂಗ್ಸ್ 3’ ಎಂಬ ಕಂಪ್ಯೂಟರ್ ಆಟದ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತುಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳುತ್ತವೆ: ನಾನು ಆಡುವ ರೀತಿ ಸರಿಯೇ? ಆ ಲೇಖನವನ್ನು ಓದದವರಿಗಾಗಿ ಎರಡು ಮಾತು ಹೇಳಿ ಉತ್ತರಗಳಿಗೆ ಬರುತ್ತೇನೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ನಾವು ನಡೆಸುವುದು ಒಂದು ದೇಶವನ್ನಲ್ಲ, ಒಂದು ಮನೆತನವನ್ನು. 867 ಅಥವಾ 1066ನೆಯ ಇಸವಿಯಲ್ಲಿ ಒಬ್ಬ ದೊರೆಯನ್ನೋ ಸಾಮಂತನನ್ನೋ ಆರಿಸಿಕೊಂಡು ಶುರುಮಾಡಿದರೆ 1453ರವರೆಗೆ ಆಡಬಹುದು. ಈಚೆಗೆ 1178ರಿಂದ ಶುರುಮಾಡುವ ಅವಕಾಶವೂ ಸೇರಿದೆ. ನಮ್ಮ ದೊರೆ ಸತ್ತ ಕ್ಷಣದಿಂದ ನಾವು ಅವನ ವಾರಸುದಾರರಾಗುತ್ತೇವೆ. ಮನೆತನದಲ್ಲಿ ಪಟ್ಟಕ್ಕೆ ಬರುವವರು ಯಾರೂ ಉಳಿಯದಿದ್ದರೆ ಆಟ ಮುಗಿಯುತ್ತದೆ.

ಪ್ರಶ್ನೆ: ಮುನ್ನೂರು ಗಂಟೆಗೂ ಹೆಚ್ಚು ಕಾಲ ಈ ಆಟವನ್ನು ಆಡಿದ್ದೇನೆ. ಯುದ್ಧದಲ್ಲಿ ನನಗೆ ಆಸಕ್ತಿ ಕಡಿಮೆ. ಬೀಗತನ ಬೆಳೆಸುವುದು, ಬೊಕ್ಕಸ ತುಂಬಿಸುವುದು, ಕೋಟೆ ಕೊತ್ತಲ ಕಟ್ಟಿಸುವುದು, ಇಷ್ಟರಲ್ಲೇ ನನ್ನ ದೊರೆಗಳ ಆಯುಷ್ಯ ಕಳೆಯುತ್ತದೆ. ಗೆಳೆಯರು ಇದನ್ನು ಹೇಡಿಯ ಆಟವೆಂದು ಗೇಲಿ ಮಾಡುತ್ತಾರೆ. ನಿಮ್ಮ ಅಭಿಪ್ರಾಯವೇನು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹೇಡಿತನದ ಮಾತನ್ನು ಬದಿಗಿಡಿ. ದೊರೆಯೊಬ್ಬನು ಪಳಗಬಹುದಾದ ವಿದ್ಯೆಗಳೆಂದು ಈ ಆಟ ಮೊದಲಿನಿಂದಲೂ ಐದನ್ನು ಇಟ್ಟಿದೆ: ರಾಜತಂತ್ರ, ಸಮರ, ಆಡಳಿತ, ಒಳಸಂಚು ಮತ್ತು ಪಾಂಡಿತ್ಯ. ಸಮರ ಐದರಲ್ಲಿ ಒಂದು ಮಾತ್ರ. ನಕ್ಷೆಯ ಮೇಲೆ ತಮ್ಮ ಬಣ್ಣ ಹರಡುವುದನ್ನೇ ಗೆಲುವು ಎಂದುಕೊಂಡ ನಿಮ್ಮ ಗೆಳೆಯರು ಉಳಿದ ನಾಲ್ಕನ್ನು ದಾಟಿ ಮುಂದೆ ಹೋಗಿದ್ದಾರೆ, ಅಷ್ಟೆ.

ಆದರೆ ನಿಮ್ಮ ರೀತಿಯನ್ನು ಪೂರ್ತಿಯಾಗಿ ಒಪ್ಪಲೂ ನಾನು ಸಿದ್ಧನಿಲ್ಲ. ಒಬ್ಬರು ಆಡುವ ರೀತಿಯನ್ನು ನಾನು ಅಳೆಯುವುದು ದೊರೆ ಬದುಕಿದ್ದಾಗ ಏನೆಲ್ಲ ಮಾಡಿದ ಎಂಬುದರಿಂದಲ್ಲ; ಅವನು ಸತ್ತ ಮರುದಿನ ಮಗನ ಕೈಯಲ್ಲಿ ಏನು ಉಳಿದಿದೆ ಎಂಬುದರಿಂದ. ಬೊಕ್ಕಸದ ಚಿನ್ನ ಮುಖ್ಯ ವಾರಸುದಾರನಿಗೆ ಬರುತ್ತದೆ. ಅವನ ಪಾಲಿಗೆ ಬಂದ ನೆಲದಲ್ಲಿ ಕಟ್ಟಿಸಿದ್ದೆಲ್ಲವೂ ನಿಂತಿರುತ್ತದೆ. ಸಂಬಳ ಕೊಟ್ಟು ಸಾಕಿದ ಖಾಯಂ ಪಡೆ ಬರುತ್ತದೆ, ಮನೆತನ ತಲೆಮಾರುಗಳಿಂದ ಕೂಡಿಟ್ಟ ಕೀರ್ತಿಯೂ ಉಳಿಯುತ್ತದೆ. ಆದರೆ ಸಾಮಂತರಿಗೆ ತಂದೆಯ ಮೇಲಿದ್ದ ಪ್ರೀತಿಯಲ್ಲಿ ಒಂದು ಪಾಲು ಮಾತ್ರ ಮಗನಿಗೆ ದಕ್ಕುತ್ತದೆ, ಜೊತೆಗೆ ‘ನಿನ್ನೆ ಮೊನ್ನೆ ಪಟ್ಟಕ್ಕೆ ಬಂದವನು’ ಎಂಬ ಅಸಮಾಧಾನವನ್ನೂ ಅವನು ಕೆಲವು ವರ್ಷ ಹೊರಬೇಕಾಗುತ್ತದೆ. ಮದುವೆಗಳಿಂದ ಕಟ್ಟಿದ ಮೈತ್ರಿಗಳಲ್ಲಿ ಎಷ್ಟೋ ಹಳೆಯ ದೊರೆಯ ಜೊತೆಗೇ ಮಣ್ಣಾಗುತ್ತವೆ. ಅಂದರೆ ನಿಮ್ಮ ಆಟದ ಒಂದು ಅರ್ಧ, ಅಂದರೆ ಹಣ ಮತ್ತು ಕಟ್ಟಡ, ತಲೆಮಾರು ದಾಟುತ್ತದೆ. ಇನ್ನೊಂದು ಅರ್ಧವಾದ ಬೀಗತನವನ್ನು ಪ್ರತಿ ಪಟ್ಟಾಭಿಷೇಕದ ನಂತರವೂ ಮೊದಲಿನಿಂದ ಕಟ್ಟಬೇಕು.

ಇದನ್ನು ನಾನು ಪೆಟ್ಟು ತಿಂದೇ ಕಲಿತವನು. ಐರ್ಲೆಂಡಿನಲ್ಲಿ ನಲವತ್ತು ವರ್ಷ ಕತ್ತಿಯನ್ನೇ ಹಿರಿಯದ ದೊರೆಯೊಬ್ಬನನ್ನು ಆಡಿಸಿ, ಬಲಿಷ್ಠ ಬೀಗರನ್ನು ಸಂಪಾದಿಸಿ, ಇನ್ನು ಭಯವಿಲ್ಲವೆಂದು ಕುಳಿತಿದ್ದೆ. ಅವನು ಸತ್ತ, ಪಟ್ಟಕ್ಕೆ ಬಂದವನು ಆರು ವರ್ಷದ ಹುಡುಗ. ಬೀಗರ ಪೈಕಿ ಒಬ್ಬನಿಗೂ ಆ ಹುಡುಗನ ನೆರವಿಗೆ ಬರುವ ಬಾಧ್ಯತೆ ಇರಲಿಲ್ಲ, ನನ್ನಲ್ಲಿ ಖಾಯಂ ಪಡೆ ಎಂದು ಹೇಳಿಕೊಳ್ಳುವಂಥದ್ದೂ ಇರಲಿಲ್ಲ. ಎರಡು ವರ್ಷದೊಳಗೆ ಸಾಮಂತರು ಗುಂಪು ಕಟ್ಟಿಕೊಂಡು ಬೇಡಿಕೆಯ ಪತ್ರ ಕಳಿಸಿದರು. ಆದ್ದರಿಂದ ನೀವು ಯುದ್ಧ ಮಾಡಬೇಡಿ, ಆದರೆ ಬೊಕ್ಕಸದ ಒಂದು ಪಾಲನ್ನು ಪಡೆಗೆ ಹಾಕಿ. ಇನ್ನೊಂದು ಮಾತು: ಬೀಗನ ಯುದ್ಧಕ್ಕೆ ಕರೆ ಬಂದಾಗ ಹೋಗದಿದ್ದರೆ ಪ್ರತಿಷ್ಠೆಯೂ ಹೋಗುತ್ತದೆ, ಮೈತ್ರಿಯೂ ಹೋಗುತ್ತದೆ. ದೊಡ್ಡ ರಾಜನಿಗೆ ಮಗಳನ್ನು ಕೊಡುವಾಗ ಅವನು ಎಷ್ಟು ಜಗಳಗಂಟ ಎಂಬುದನ್ನೂ ವಿಚಾರಿಸುವುದು ಒಳ್ಳೆಯದು. ನಮ್ಮ ಹಿರಿಯರು ಸಂಬಂಧ ನೋಡುವಾಗ ಮಾಡುತ್ತಿದ್ದುದೂ ಅದನ್ನೇ.

ಪ್ರಶ್ನೆ: ನಾನೂ ಐರ್ಲೆಂಡಿನಲ್ಲೇ ಆಡುವವನು. ಪ್ರತಿ ಸಲವೂ ದೊರೆ ಸತ್ತಾಗ ರಾಜ್ಯ ಗಂಡುಮಕ್ಕಳ ನಡುವೆ ಹರಿದು ಹಂಚಿಹೋಗುತ್ತದೆ. ಬೇಸತ್ತು ಈಗ ಕಿರಿಯ ಮಕ್ಕಳನ್ನು ಸಂಚು ಹೂಡಿ ಕೊಲ್ಲಿಸುವುದೇ ನನ್ನ ಪದ್ಧತಿಯಾಗಿದೆ. ಬೇರೆ ದಾರಿ ಇಲ್ಲವೇ?
– ಓದುಗ, ಮೈಸೂರು

ಉತ್ತರ: ಇದೆ, ಮತ್ತು ಅಗ್ಗದ್ದೂ ಇದೆ. ಸ್ವಂತ ಮಕ್ಕಳನ್ನು ಕೊಲ್ಲಿಸಿದ ಗುಟ್ಟು ಬಯಲಾದರೆ ಬಂಧುಹತ್ಯೆಯ ಕಳಂಕ ಅಂಟಿಕೊಳ್ಳುತ್ತದೆ, ಮನೆಯವರೇ ನಿಮ್ಮನ್ನು ದ್ವೇಷಿಸತೊಡಗುತ್ತಾರೆ; ಬಯಲಾಗದಿದ್ದರೂ ಆ ಗುಟ್ಟನ್ನು ಪತ್ತೆ ಹಚ್ಚಿದವನು ಅದನ್ನೇ ಹಿಡಿದು ನಿಮ್ಮನ್ನು ಕುಣಿಸಬಹುದು.

ಮೊದಲು ಪಾಲಿನ ಲೆಕ್ಕವನ್ನು ಅರ್ಥ ಮಾಡಿಕೊಳ್ಳಿ. ಆರಂಭದ ಕಾಲದ ಕಾನೂನಿನಲ್ಲಿ ಮುಖ್ಯ ಪಟ್ಟ ಮತ್ತು ರಾಜಧಾನಿ ಹಿರಿಯನಿಗೆ ಹೋಗುತ್ತವೆ, ಉಳಿದದ್ದು ಮಕ್ಕಳಲ್ಲಿ ಹಂಚಿಹೋಗುತ್ತದೆ. ಇನ್ನೊಂದು ರಾಜ್ಯಪಟ್ಟ ಸೃಷ್ಟಿಸುವಷ್ಟು ನೆಲವನ್ನು ನೀವು ಗೆದ್ದಿದ್ದರೆ, ಆ ಪಟ್ಟ ನಿಮ್ಮ ಸಾವಿನ ಹೊತ್ತಿಗೆ ತಾನಾಗಿಯೇ ಹುಟ್ಟಿ ಎರಡನೆಯ ಮಗನನ್ನು ಸ್ವತಂತ್ರ ರಾಜನನ್ನಾಗಿ ಮಾಡುತ್ತದೆ. ಹೆಚ್ಚು ಗೆದ್ದವನೇ ಹೆಚ್ಚು ಕಳೆದುಕೊಳ್ಳುವ ಈ ವಿಚಿತ್ರವನ್ನು ಗಮನಿಸದೆ ಎಷ್ಟೋ ಜನ ಆಟವನ್ನೇ ಬಯ್ಯುತ್ತಾರೆ. ಮುಖ್ಯ ಪಟ್ಟ ಹಿರಿಯನಿಗೆ ಬರುತ್ತದೆಂದ ಮೇಲೆ ಅದರ ಅಡಿಯಲ್ಲಿರುವ ಹೋಬಳಿಗಳಲ್ಲಿ ಯಾವುದು ಯಾರಿಗೆ ಎಂಬುದನ್ನು ನೀವೇ ಬದುಕಿರುವಾಗ ಹಂಚಿಬಿಡಿ: ಅಂಚಿನ ಬಡ ನೆಲವನ್ನು ಕಿರಿಯನಿಗೆ ಕೊಟ್ಟರೆ ಅದು ಅವನ ಪಾಲಿನ ಲೆಕ್ಕಕ್ಕೆ ಸೇರುತ್ತದೆ, ರಾಜಧಾನಿಯ ಸುತ್ತಲಿನ ಒಳ್ಳೆಯ ನೆಲ ಉಳಿಯುತ್ತದೆ. ಮಠಕ್ಕೆ ಸೇರುವಂತೆ ಒಬ್ಬ ಮಗನನ್ನು ಒಪ್ಪಿಸಬಹುದು; ಸನ್ಯಾಸಿಗೆ ಪಾಲಿಲ್ಲ. ಮನೆತನದ ಯಜಮಾನಿಕೆ ನಿಮ್ಮದಾಗಿದ್ದರೆ ಕೀರ್ತಿಯನ್ನು ಖರ್ಚು ಮಾಡಿ ವಾರಸುದಾರಿಕೆಯಿಂದ ತೆಗೆಯಲೂಬಹುದು, ಆದರೆ ಅದು ದುಬಾರಿ. ಐರಿಷ್ ದೊರೆಗಳಿಗೆ ಮನೆತನದವರಲ್ಲಿ ಒಬ್ಬನನ್ನು ಸಾಮಂತರು ಕೂಡಿ ಆರಿಸುವ ಟ್ಯಾನಿಸ್ಟ್ರಿ ಎಂಬ ಪದ್ಧತಿಯೂ ಇದೆ. ಅದನ್ನು ಯಾವ ಪಟ್ಟಕ್ಕೆ ಅನ್ವಯಿಸುತ್ತೀರೋ ಆ ಪಟ್ಟ ಮಾತ್ರ ಆರಿಸಲ್ಪಟ್ಟವನಿಗೆ ಹೋಗುತ್ತದೆಂಬುದನ್ನು ಮರೆಯಬೇಡಿ. ಹಿರಿಯ ಮಗನಿಗೇ ಎಲ್ಲವೂ ಸಲ್ಲುವ ಕಾನೂನು ಸಿಗುವುದು ಆಟದ ಕೊನೆಯ ಕಾಲಘಟ್ಟದಲ್ಲಿ. ಅಲ್ಲಿಯವರೆಗೆ ನೀವು ತಂದೆಯ ಹಾಗೆ ಯೋಚಿಸಬೇಕು.

ಪ್ರಶ್ನೆ: ನಾನು ನಿವೃತ್ತ ಇತಿಹಾಸ ಶಿಕ್ಷಕಿ. ಮೊಮ್ಮಗನಿಂದ ಈ ಆಟವನ್ನು ಕಲಿತು, 1066ರಲ್ಲಿ ಕಲ್ಯಾಣದ ಚಾಲುಕ್ಯರಿಂದ ಶುರುಮಾಡುತ್ತೇನೆ. ನಡೆದುಹೋದ ಇತಿಹಾಸಕ್ಕೆ ವಿರುದ್ಧವಾಗಿ ಆಡಲು ಮನಸ್ಸೇ ಬರುವುದಿಲ್ಲ. ವಿಕ್ರಮಾದಿತ್ಯನಿಗೇ ಪಟ್ಟ ಸಿಗಬೇಕೆಂದು ಹೆಣಗಾಡುತ್ತೇನೆ. ಮೊಮ್ಮಗ ‘ಅಜ್ಜಿ, ಇದು ಪಾಠವಲ್ಲ, ಆಟ’ ಎಂದು ನಗುತ್ತಾನೆ. ಹೀಗೆ ಆಡುವುದು ತಪ್ಪೇ?
– ಓದುಗರು, ಧಾರವಾಡ

ಉತ್ತರ: ಈ ತಿಂಗಳು ನನಗೆ ಅತ್ಯಂತ ಸಂತೋಷ ಕೊಟ್ಟ ಪತ್ರ ನಿಮ್ಮದು. ಮೊದಲು ತಾರೀಖನ್ನು ನೋಡೋಣ. ಆಟ ತೆರೆದುಕೊಳ್ಳುವುದು 1066ರ ಸೆಪ್ಟೆಂಬರ್ 15ರಂದು. ಆ ದಿನವನ್ನು ಆರಿಸಿರುವುದು ಇಂಗ್ಲೆಂಡಿಗಾಗಿ: ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಕದನಕ್ಕೆ ಇನ್ನು ಹತ್ತು ದಿನ, ಹೇಸ್ಟಿಂಗ್ಸ್ ಕದನಕ್ಕೆ ಇನ್ನು ಒಂದು ತಿಂಗಳು ಇರುವಾಗ ಮೂವರು ಹಕ್ಕುದಾರರು ಒಂದೇ ಸಿಂಹಾಸನದ ಮೇಲೆ ಕಣ್ಣಿಟ್ಟು ನಿಂತಿರುತ್ತಾರೆ. ಆದರೆ ಕಾಕತಾಳೀಯವಾಗಿ ಅದು ನಮ್ಮ ಕಡೆಯಲ್ಲೂ ಅಂಥದೇ ಹೊತ್ತು. ಆಹವಮಲ್ಲನೆನಿಸಿದ ಒಂದನೆಯ ಸೋಮೇಶ್ವರ, ವಾಸಿಯಾಗದ ಕಾಯಿಲೆಯಿಂದ ಬೇಸತ್ತು ಕುರುವತ್ತಿಯಲ್ಲಿ ತುಂಗಭದ್ರೆಗೆ ತನ್ನನ್ನು ಒಪ್ಪಿಸಿಕೊಂಡದ್ದು 1068ರಲ್ಲಿ. ಅಂದರೆ ಇತಿಹಾಸದ ಪ್ರಕಾರ ನಿಮ್ಮ ಕೈಯಲ್ಲಿರುವುದು ಎರಡು ವರ್ಷಕ್ಕೂ ಕಡಿಮೆ. ಆಟಕ್ಕೆ ಕುರುವತ್ತಿಯ ಕಥೆ ಗೊತ್ತಿಲ್ಲ. ಅಲ್ಲಿ ಅವನು ಹತ್ತು ವರ್ಷ ಬದುಕಬಹುದು, ನಾಳೆಯೇ ಸಾಯಬಹುದು. ಆದ್ದರಿಂದ ಘಟನೆಗಳನ್ನು ಯಥಾವತ್ತಾಗಿ ಅನುಸರಿಸಬೇಕೆಂಬ ಹಟ ಮೊದಲ ವರ್ಷದಲ್ಲೇ ಸೋಲುತ್ತದೆ.

ಅನುಸರಿಸಬಹುದಾದದ್ದು ಸನ್ನಿವೇಶವನ್ನು, ಮತ್ತು ಆ ಸನ್ನಿವೇಶ ಈ ಆಟಕ್ಕೆಂದೇ ಹೇಳಿ ಮಾಡಿಸಿದಂತಿದೆ. ಪಟ್ಟ ಹಿರಿಯ ಮಗನಾದ ಎರಡನೆಯ ಸೋಮೇಶ್ವರನಿಗೆ. ಹೆಸರು, ಸೈನ್ಯ, ಸಾಮಂತರ ಒಲವು ತಮ್ಮ ವಿಕ್ರಮಾದಿತ್ಯನಿಗೆ. ತಮ್ಮ ಮದುವೆಯಾದದ್ದು ಚೋಳರ ವೀರರಾಜೇಂದ್ರನ ಮಗಳನ್ನು, ಅಂದರೆ ತಲೆಮಾರುಗಳಿಂದ ಕಾದಾಡಿದ ಶತ್ರುವೇ ಮಾವನಾದ. 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟವೇರಿದ ವಿಕ್ರಮಾದಿತ್ಯ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿ 1126ರವರೆಗೆ ಆಳಿದ. ಅವನ ಆಶ್ರಯದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣನನ್ನು ಕೇಳಿದರೆ ತಪ್ಪೆಲ್ಲ ಅಣ್ಣನದೇ. ಅನ್ನ ಕೊಟ್ಟವನ ಪರವಾಗಿ ಬರೆಯದೆ ಇನ್ನೇನು ಮಾಡಿಯಾನು? ಮುಂದೆ ಬನವಾಸಿಯಲ್ಲಿದ್ದ ಮತ್ತೊಬ್ಬ ತಮ್ಮ ಜಯಸಿಂಹ ಇದೇ ವಿಕ್ರಮಾದಿತ್ಯನ ಮೇಲೆ ದಂಗೆ ಎದ್ದ. ಆಟದ ಭಾಷೆಯಲ್ಲಿ ಹೇಳುವುದಾದರೆ, ಹಕ್ಕುದಾರನೊಬ್ಬನ ಬೆನ್ನಿಗೆ ಸಾಮಂತರ ಗುಂಪು ಕಟ್ಟುವುದು, ಹೊರಗಿನ ಮಾವನ ಬಲ ಪಡೆಯುವುದು, ಪಟ್ಟಕ್ಕೆ ಬಂದ ಮೇಲೆ ಸಹಾಯ ಮಾಡಿದ ತಮ್ಮನಿಂದಲೇ ಅದೇ ಪೆಟ್ಟು ತಿನ್ನುವುದು, ಎಲ್ಲವೂ ಇದರಲ್ಲಿದೆ.

ಹಾಗಾಗಿ ನನ್ನದೊಂದು ಸಲಹೆ. ವಿಕ್ರಮಾದಿತ್ಯನನ್ನು ಗೆಲ್ಲಿಸುವುದನ್ನು ಒಮ್ಮೆ ಬಿಡಿ; ಅವನು ಹೇಗೂ ಗೆದ್ದವನು. ಸೋತ ಅಣ್ಣನಾಗಿ ಆಡಿ ನೋಡಿ. ಅವನು ಎಲ್ಲಿ ಬೇರೆ ರೀತಿ ನಡೆದಿದ್ದರೆ ಪಟ್ಟ ಉಳಿಯುತ್ತಿತ್ತು? ತಮ್ಮನನ್ನು ಮಂತ್ರಿಮಂಡಲದಲ್ಲಿ ಸೇನಾಪತಿಯಾಗಿ ಕೂರಿಸಿಕೊಂಡು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದರೆ? ಬಲಿಷ್ಠ ಸಾಮಂತನಿಗೆ ಮಂತ್ರಿಸ್ಥಾನ ಕೊಡದಿದ್ದರೆ ಅವನು ಮುನಿಯುತ್ತಾನೆಂಬುದು ಆಟದ ನಿಯಮ, ಕಲ್ಯಾಣದ ನಿಯಮವೂ ಬಹುಶಃ ಅದೇ ಆಗಿತ್ತು. ಚೋಳರ ಜೊತೆ ತಾನೇ ಮೊದಲು ಬೀಗತನ ಮಾಡಿದ್ದರೆ? ಮೂವತ್ತು ವರ್ಷ ತರಗತಿಯಲ್ಲಿ ಇದನ್ನು ಪಾಠ ಮಾಡಿದವರಿಗೆ ಹೊಳೆಯುವ ಪ್ರಶ್ನೆಗಳು ಮೊಮ್ಮಗನಿಗೆ ಹೊಳೆಯುವುದಿಲ್ಲ. ಇದು ಪಾಠವೂ ಹೌದು, ಆಟವೂ ಹೌದು. ಯೂರೋಪಿನ ಆಸ್ಥಾನಗಳಿಗೆ ಸಿಕ್ಕಷ್ಟು ವಿವರದ ಶ್ರೀಮಂತಿಕೆ ನಮ್ಮ ಕಡೆಯ ಆಸ್ಥಾನಗಳಿಗೆ ಈ ಆಟದಲ್ಲಿ ಸಿಕ್ಕಿಲ್ಲವೆಂಬ ಕೊರತೆ ನನಗಿದೆ, ನಿಮಗೂ ಅನ್ನಿಸಿರಬೇಕು. ಬೇಸರವಾದಾಗ 867ಕ್ಕೆ ಹೋಗಿ. ಅಲ್ಲಿ ರಾಷ್ಟ್ರಕೂಟರ ಕಾಲ, ಇತಿಹಾಸದಲ್ಲಿ ಅಮೋಘವರ್ಷ ಮಾನ್ಯಖೇಟದಿಂದ ಆಳುತ್ತಿದ್ದ ವರ್ಷ.

ಪ್ರಶ್ನೆ: ನನಗೆ ಬಂದ ವಾರಸುದಾರ ಸಹಾನುಭೂತಿಯ ಸ್ವಭಾವದವನು. ತಂದೆಯಂತೆ ಕೈದಿಗಳ ತಲೆ ತೆಗೆಸಿ ಆಳಲು ಹೋದರೆ ಅವನ ಮಾನಸಿಕ ಒತ್ತಡ ಏರುತ್ತಲೇ ಹೋಗುತ್ತದೆ. ಕೊನೆಗೆ ಕುಡುಕನಾದ, ಬೇಗ ಸತ್ತೂ ಹೋದ. ಸ್ವಭಾವದ ಈ ನಿಯಮ ಆಟಗಾರನ ಕೈ ಕಟ್ಟಿಹಾಕುವುದಿಲ್ಲವೇ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಕಟ್ಟಿಹಾಕುತ್ತದೆ, ಮತ್ತು ಈ ಆಟವನ್ನು ಉಳಿದ ಯುದ್ಧದಾಟಗಳಿಂದ ಬೇರೆ ಮಾಡುವುದೇ ಅದು. ಸಾಮಾನ್ಯವಾಗಿ ಪ್ರತಿಯೊಬ್ಬ ಪಾತ್ರಕ್ಕೂ ಮೂರು ಸ್ವಭಾವಗಳಿರುತ್ತವೆ. ಅವುಗಳಿಗೆ ವಿರುದ್ಧವಾದ ಕೆಲಸ ಮಾಡಿಸಿದಾಗಲೆಲ್ಲ ಒತ್ತಡ ಸೇರುತ್ತಾ ಹೋಗಿ, ನೂರು ದಾಟಿದಾಗ ಮನಸ್ಸು ಒಮ್ಮೆ ಮುರಿಯುತ್ತದೆ, ಇನ್ನೂರಕ್ಕೆ ಮತ್ತೊಮ್ಮೆ, ಮುನ್ನೂರಕ್ಕೆ ಮಗದೊಮ್ಮೆ. ಆಗ ಕುಡಿತವೋ, ತನ್ನ ಮೈಗೆ ತಾನೇ ಚಾವಟಿ ಬೀಸಿಕೊಳ್ಳುವ ಚಟವೋ ಅಂಟಿಕೊಳ್ಳುತ್ತದೆ, ಆರೋಗ್ಯ ಕೆಡುತ್ತದೆ.

ನಿಮ್ಮ ಪತ್ರ ಓದಿದರೆ ನಿಮಗೆ ಸಹಾನುಭೂತಿ ತೊಡಕಾಗಿದೆ ಅನ್ನಿಸಲಿಲ್ಲ. ನೀವು ತಂದೆಯನ್ನೇ ಇನ್ನೂ ಆಡುತ್ತಿದ್ದೀರಿ ಅನ್ನಿಸಿತು. ತಂದೆ ಸಾಮಂತರಲ್ಲಿ ಹುಟ್ಟಿಸಿದ್ದ ಭಯ ಅವನ ಜೊತೆಗೇ ಹೋಯಿತು. ಮಗ ಶೂನ್ಯದಿಂದ ಭಯ ಹುಟ್ಟಿಸಲು ಹೊರಟರೆ ಎರಡು ಕಡೆಯಿಂದಲೂ ನಷ್ಟ. ನಾನು ಪಾಲಿಸುವ ಒಂದು ಅಭ್ಯಾಸವಿದೆ: ಪಟ್ಟಾಭಿಷೇಕವಾದ ಕೂಡಲೇ ಆಟವನ್ನು ನಿಲ್ಲಿಸಿ, ಹೊಸ ದೊರೆಯ ಸ್ವಭಾವಗಳನ್ನು ಓದಿ, ‘ಇವನು ಏನು ಮಾಡಲಾರ’ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಜಿಪುಣನ ಕೈಯಿಂದ ಉಡುಗೊರೆ ಕೊಡಿಸುವುದಿಲ್ಲ, ಸಂಕೋಚದವನನ್ನು ಹತ್ತು ಜನರ ಸ್ನೇಹ ಬೆಳೆಸಲು ಕಳಿಸುವುದಿಲ್ಲ. ನಿಮ್ಮ ಸಹಾನುಭೂತಿಯ ದೊರೆಗೆ ಕೈದಿಗಳು ಹೊರೆಯಲ್ಲ, ಬಂಡವಾಳ. ಒಬ್ಬನನ್ನು ಹಣ ಪಡೆದು ಬಿಡಿ. ಇನ್ನೊಬ್ಬನಿಂದ ನಿಮ್ಮ ಪಟ್ಟದ ಮೇಲಿನ ಹಕ್ಕನ್ನು ಬಿಟ್ಟುಕೊಡಿಸಿ ಬಿಡಿ. ಮತ್ತೊಬ್ಬನನ್ನು ಋಣದ ಹಂಗಿನಲ್ಲಿ ಇಟ್ಟು ಬಿಡಿ, ಮುಂದೆ ಆ ಹಂಗನ್ನು ಕೇಳಿ ವಸೂಲು ಮಾಡಿಕೊಳ್ಳಬಹುದು. ನಡುನಡುವೆ ಔತಣ, ಬೇಟೆ ಇಟ್ಟುಕೊಂಡರೆ ಒತ್ತಡವೂ ಇಳಿಯುತ್ತದೆ. ತಂದೆ ಕೊಂದು ಸಾಧಿಸಿದ್ದನ್ನು ಮಗ ಬಿಟ್ಟು ಸಾಧಿಸುತ್ತಾನೆ. ನನ್ನ ಮಟ್ಟಿಗೆ ಈ ಆಟದಲ್ಲಿ ‘ನನ್ನ ಶೈಲಿ’ ಎಂಬುದು ಮೂವತ್ತು ವರ್ಷಕ್ಕೊಮ್ಮೆ ಅಳಿಸಿ ಬರೆಯಬೇಕಾದದ್ದು.

ಪ್ರಶ್ನೆ: ಸೋತಾಗ ಹಳೆಯ ಸೇವ್‌ಗೆ, ಅಂದರೆ ಮೊದಲೇ ಉಳಿಸಿಟ್ಟ ಹಂತಕ್ಕೆ, ಹಿಂತಿರುಗುವುದು ಮೋಸವೇ?
– ಓದುಗ, ಕಲಬುರಗಿ

ಉತ್ತರ: ಕಲಿಯುವ ಮೊದಲ ನೂರು ಗಂಟೆಗಳಲ್ಲಿ ಅಲ್ಲ. ಆ ಮೇಲೆ ಒಮ್ಮೆ ಆಟದಲ್ಲಿರುವ ಐರನ್‌ಮ್ಯಾನ್ ಎಂಬ ಆಯ್ಕೆಯನ್ನು ಆರಿಸಿ ಆಡಿ. ಅದರಲ್ಲಿ ಹಿಂತಿರುಗುವ ದಾರಿಯೇ ಇರುವುದಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವ ದೊರೆಗಳೆಲ್ಲ ಸೋತು ಚೇತರಿಸಿಕೊಂಡವರು.

ಪ್ರಶ್ನೆ: ನಿಮ್ಮ ಬರಹದಲ್ಲಿ ಮದುವೆ, ಮಕ್ಕಳು, ಮಂತ್ರಿಗಳೇ ತುಂಬಿದ್ದಾರೆ. ರಣರಂಗವನ್ನೇ ಇಷ್ಟಪಡುವ ನನ್ನಂಥವನು ಹೇಗೆ ಆಡಬೇಕು?
– ಓದುಗ, ಬೆಂಗಳೂರು

ಉತ್ತರ: ಪಡೆಗಳನ್ನು ಸ್ವತಃ ನಿಲ್ಲಿಸಿ, ಗುಡ್ಡದ ಮರೆಯಿಂದ ಕುದುರೆಗಳನ್ನು ನುಗ್ಗಿಸುವ ಸುಖ ನಿಮಗೆ ಬೇಕಿದ್ದರೆ 2006ರ ‘ಮೆಡೀವಲ್ 2: ಟೋಟಲ್ ವಾರ್’ ಇಂದಿಗೂ ಅದನ್ನು ಕೊಡುತ್ತದೆ. ಇಲ್ಲಿ ಕದನ ತಾನಾಗಿಯೇ ನಡೆಯುತ್ತದೆ, ನಿಮ್ಮ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು. ಊರುಗಳಿಂದ ಕರೆಸಿದ ಆಳುಗಳ ತಲೆ ಎಣಿಸಿ ಮೋಸಹೋಗಬೇಡಿ, ಖಾಯಂ ಪಡೆಯನ್ನು ನೆಚ್ಚಿ. ಎದುರಾಳಿಯಲ್ಲಿ ಏನಿದೆ ಎಂದು ನೋಡಿ ಪಡೆ ಕಟ್ಟಿ: ಈಟಿಯವರು ಕುದುರೆಗಳನ್ನು ತಡೆಯುತ್ತಾರೆ, ಕುದುರೆಗಳು ಬಿಲ್ಲುಗಾರರನ್ನು ತುಳಿಯುತ್ತವೆ, ಬಿಲ್ಲುಗಾರರು ಹಗುರ ಕಾಲಾಳುಗಳನ್ನು, ಅವರು ಭಾರೀ ಕವಚದ ಕಾಲಾಳುಗಳನ್ನು, ಆ ಭಾರೀ ಕಾಲಾಳುಗಳು ಈಟಿಯವರನ್ನು ಸದೆಬಡಿಯುತ್ತಾರೆ. ನದಿ ದಾಟಿ ಹೋಗಿ ಆಕ್ರಮಣ ಮಾಡಬೇಡಿ.

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗ ಈ ಆಟದಲ್ಲಿ ಸದಾ ಕ್ರೂರ ದೊರೆಯಾಗಿಯೇ ಆಡುತ್ತಾನೆ. ಕೈದಿಗಳನ್ನು ಕೊಲ್ಲಿಸುವುದನ್ನು ನೋಡಿ ನನಗೆ ಕಳವಳವಾಗುತ್ತದೆ. ಆಡುವ ರೀತಿಯಲ್ಲಿ ಸ್ವಭಾವ ಕಾಣುತ್ತದೆಯೇ?
– ತಂದೆ, ಶಿವಮೊಗ್ಗ

ಉತ್ತರ: ಇಷ್ಟರಿಂದಲೇ ಅವನ ಸ್ವಭಾವವನ್ನು ತೀರ್ಮಾನಿಸಬೇಡಿ. ಕೈದಿಯೊಬ್ಬನ ತಲೆ ತೆಗೆಸಿದರೆ ದೊರೆಯ ಬಗೆಗಿನ ಭಯ ಏರುತ್ತದೆ, ಭಯ ಹೆಚ್ಚಿದ್ದಾಗ ಸಾಮಂತರು ಗುಂಪು ಕಟ್ಟಲು ಹಿಂಜರಿಯುತ್ತಾರೆ. ಹುಡುಗರು ಈ ಲೆಕ್ಕವನ್ನು ಬೇಗ ಕಂಡುಕೊಳ್ಳುತ್ತಾರೆ, ಏಕೆಂದರೆ ಇದು ಬೇಗ ಫಲ ಕೊಡುವ ಲೆಕ್ಕ. ಅದರ ಇನ್ನೊಂದು ತುದಿ ಕಾಣಲು ದೊರೆ ಸಾಯಬೇಕು. ಹೆದರಿ ಸುಮ್ಮನಿದ್ದವರೆಲ್ಲ ಹೊಸ ದೊರೆಗೆ ಹೆದರುವುದಿಲ್ಲ, ಕೊಲೆಯಾದವರ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿರುತ್ತಾರೆ.

ಮುಂದಿನ ಭಾನುವಾರ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಬೈಯಬೇಡಿ, ಕೈದಿಗಳ ಪಟ್ಟಿಯನ್ನು ತೆರೆಯಲು ಹೇಳಿ. ಯಾರನ್ನು ಕೊಲ್ಲಿಸುತ್ತಾನೆ, ಯಾರನ್ನು ಹಣ ಪಡೆದು ಬಿಡುತ್ತಾನೆ, ಯಾರನ್ನು ಸುಮ್ಮನೆ ಬಿಡುತ್ತಾನೆ, ಪ್ರತಿಯೊಂದಕ್ಕೂ ಕಾರಣ ಕೇಳಿ. ಅವನ ಬಳಿ ಕಾರಣಗಳಿರುತ್ತವೆ, ಕೆಲವು ನಿಮ್ಮನ್ನೂ ಒಪ್ಪಿಸಬಹುದು. ಆಮೇಲೆ ಈಗಿನ ದೊರೆಯ ವಯಸ್ಸೆಷ್ಟು, ವಾರಸುದಾರ ಯಾರು, ಅವನ ಸ್ವಭಾವಗಳೇನು ಎಂದು ವಿಚಾರಿಸಿ. ದೊರೆಗೆ ಅರವತ್ತು ದಾಟಿದ್ದು, ವಾರಸುದಾರ ಮಂಗಳೂರಿನ ಓದುಗರಿಗೆ ಬಂದವನಂತೆ ಮೃದು ಸ್ವಭಾವದವನಾಗಿದ್ದರೆ, ರಾತ್ರಿ ಊಟವಾದ ಮೇಲೆಯೂ ನೀವಿಬ್ಬರೂ ಅಲ್ಲಿಂದ ಏಳಲಾರಿರಿ.